ಗಣಕಯಂತ್ರಕ್ಕೆ ಹೊದಿಸಿದ ವಸ್ತ್ರ

ಅರಿವು ಮತ್ತು ಆಚಾರ ಎಂಬ ಎರಡು ಮಾತುಗಳು ನಮ್ಮ ಶರಣ ಪರಂಪರೆಯಲ್ಲಿ ಜೊತೆಜೊತೆಯಾಗಿಯೇ ನಡೆದು ಬಂದಿವೆ. ಅರಿವಿನ ಬೆಂಬಲವಿಲ್ಲದ ಆಚಾರದಿಂದ ಒಳಿತಿಗಿಂತ ಕೇಡೇ ಹೆಚ್ಚೆಂದು ನಾವು ಶ್ರಾವಣಮಾಸದ ಪ್ರವಚನಗಳಲ್ಲಿ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆದರೆ ಆಡುವ ಮಾತು ಬೇರೆ, ಅದೇ ಮಾತು ತಿರುಗಿ ಬಂದು ನಮ್ಮನ್ನೇ ಕೇಳುವುದು ಬೇರೆ. ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಒಂದು ಗಣಕಯಂತ್ರವು ಹಾಗೆ ನಮ್ಮನ್ನು ಕೇಳಿತು. ನಮಗೆ ಆಗ ಉತ್ತರವಿರಲಿಲ್ಲ. ಓದುಗ ಬಂಧುಗಳ ಮನೆಮನೆಗಳಲ್ಲಿಯೂ ಈಗ ಇಂಥ ಯಂತ್ರಗಳು ಬಂದಿರುವುದರಿಂದ, ನಮ್ಮ ತಪ್ಪನ್ನು ಮುಚ್ಚಿಡದೆ ಇಲ್ಲಿ ಬರೆಯುವುದು ಲೇಸೆಂದು ಭಾವಿಸಿದ್ದೇವೆ.

ನಾವು ಬಾಲ್ಯದಲ್ಲಿ ಮಠದ ಪ್ರಸಾದವನ್ನುಂಡು, ಮಠದಲ್ಲಿಯೇ ಅಕ್ಷರ ಕಲಿತು ಬೆಳೆದವರು. ನಮ್ಮ ಗುರುಗಳು ನಮಗೆ ವ್ಯಾಕರಣ ಕಲಿಸುವುದಕ್ಕೂ ಮೊದಲು ಓಲೆಗರಿಯ ಕಟ್ಟನ್ನು ಬಿಚ್ಚುವ ಮತ್ತು ಕಟ್ಟುವ ಕ್ರಮವನ್ನು ಕಲಿಸಿದರು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ದಾರವನ್ನು ಎಳೆಯದೆ ಸಡಿಲಿಸಬೇಕು. ಗರಿಗಳನ್ನು ಒಂದೊಂದಾಗಿ ಮಗುಚಬೇಕು. ಓದು ಮುಗಿದ ಮೇಲೆ ಮೇಲೊಂದು ಕೆಳಗೊಂದು ಮರದ ಹಲಗೆಯಿಟ್ಟು, ಬಿಗಿಯಾಗಿ ಕಟ್ಟಿ, ಕೆಂಪು ವಸ್ತ್ರದಲ್ಲಿ ಸುತ್ತಿಡಬೇಕು. ಗಾಳಿಯೂ ದೂಳೂ ಬೆಳಕೂ ಓಲೆಗೆ ಶತ್ರುಗಳು. ವಸ್ತ್ರ ಹೊದಿಸದೆ ಎದ್ದುಹೋದ ವಿದ್ಯಾರ್ಥಿಗೆ ಅಂದು ಗುರುಗಳ ಬಾಯಿಂದ ಒಳ್ಳೆಯ ಮಾತು ದೊರೆಯುತ್ತಿರಲಿಲ್ಲ. ಆ ಶಿಕ್ಷಣ ನಮ್ಮ ಕೈಗಳಲ್ಲಿ ಇಂದಿಗೂ ಉಳಿದಿದೆ. ಪುಸ್ತಕವಾಗಲಿ ಕನ್ನಡಕವಾಗಲಿ, ಬಳಸಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿಡದಿದ್ದರೆ ನಮಗೆ ನಿದ್ದೆ ಬಾರದು.

ಯಂತ್ರವೆಂದರೆ ನಮಗೆ ತಾತ್ಸಾರವಿಲ್ಲ. ನಾವು ವಾಸಿಸುವ ಈ ವಿಜಯಪುರದಲ್ಲಿಯೇ ಡಾ. ಫ. ಗು. ಹಳಕಟ್ಟಿಯವರು ವಚನಗಳ ಮುದ್ರಣಕ್ಕಾಗಿ ಇದ್ದ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಊರೂರು ಅಲೆದು ಅವರು ಕೂಡಿಹಾಕಿದ ಓಲೆಗಳ ಸಂಪತ್ತು ಜನರ ಕೈಸೇರಿದ್ದು ಅಚ್ಚಿನ ಯಂತ್ರದಿಂದಲೇ. ಆದ್ದರಿಂದ, ಮೂರು ವರ್ಷಗಳ ಹಿಂದೆ ಒಂದು ಓಲೆಕಟ್ಟಿನ ಪಾಠಾಂತರಗಳನ್ನು ಗುರುತಿಸುವ ಕಾರ್ಯ ನಮ್ಮ ಪಾಲಿಗೆ ಬಂದಾಗ, ಗರಿಗಳನ್ನು ಮತ್ತೆ ಮತ್ತೆ ಮುಟ್ಟಿ ಸವೆಸುವುದಕ್ಕಿಂತ ಅವುಗಳ ಛಾಯಾಚಿತ್ರಗಳನ್ನು ತೆರೆಯ ಮೇಲೆ ದೊಡ್ಡದು ಮಾಡಿ ಓದುವುದು ಮೇಲೆಂದು ಒಪ್ಪಿದೆವು.

ನಮ್ಮ ಮಗಳ ಮಗ ಡಿಪ್ಲೊಮಾ ಓದುವ ಹುಡುಗ. ನಮ್ಮ ಮನೆಯಲ್ಲಿಯೇ ಇರುತ್ತಾನೆ. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಂತ್ರ ಬೇಡ, ತಾನೇ ಬಿಡಿಭಾಗಗಳನ್ನು ತಂದು ಜೋಡಿಸಿಕೊಡುವೆನೆಂದು ಹಟ ಹಿಡಿದನು. ಬೆಂಗಳೂರಿನಲ್ಲಿ ಸಾದರ ಪತ್ರಪ್ಪ ರಸ್ತೆ ಎಂದಿದೆ, ಎಸ್. ಪಿ. ರೋಡ್ ಎಂದರೆ ಎಲ್ಲರಿಗೂ ಗೊತ್ತು. ವಿದ್ಯುನ್ಮಾನ ಸಾಮಗ್ರಿಗೆ ಹೆಸರಾದ ಆ ಪೇಟೆಗೆ ಹೋಗಿ, ಎರಡು ದಿನ ಅಂಗಡಿಯಿಂದ ಅಂಗಡಿಗೆ ತಿರುಗಿ, ರಾತ್ರಿಯ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದನು. ಮಾರನೆಯ ದಿನ ನಡುಮನೆಯಲ್ಲಿ ಚಾಪೆ ಹಾಸಿ, ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮ್, ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಎಂದು ಒಂದೊಂದರ ಹೆಸರು ಹೇಳುತ್ತ ಜೋಡಿಸಿದನು. ಆಟದ ಚಿತ್ರಗಳಿಗೆ ಬೇಕಾಗುವ ದುಬಾರಿ ಕಾರ್ಡನ್ನು ಅವನು ತಂದಿರಲಿಲ್ಲ. ಆ ಹಣವನ್ನು ನಮ್ಮ ಮಂದ ದೃಷ್ಟಿಗೆ ಅನುಕೂಲವಾಗುವ ದೊಡ್ಡ ತೆರೆಗೆ ಹಾಕಿದ್ದನು. ಫ್ಯಾನುಗಳನ್ನು ಸಹ 120 ಮಿಲಿಮೀಟರಿನ ದೊಡ್ಡವನ್ನೇ ತಂದಿದ್ದನು. ಸಣ್ಣ ಫ್ಯಾನು ಬೇಗ ತಿರುಗಿ ಕಿರಿಚುತ್ತದೆ, ದೊಡ್ಡದು ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿಯನ್ನು ಸದ್ದಿಲ್ಲದೆ ಸಾಗಿಸುತ್ತದೆ. ನಮ್ಮ ಪೂಜೆಗೆ ಭಂಗ ಬರಬಾರದೆಂದು ಅವನ ಎಣಿಕೆ. ಇದನ್ನೆಲ್ಲ ನಾವು ಅಂದು ಗಮನಿಸಲಿಲ್ಲ. ಈಗ ಒಂದೊಂದಾಗಿ ನೆನಪಿಗೆ ಬರುತ್ತಿದೆ.

ನಾವು ಲಿಂಗಪೂಜೆಗೆ ಕುಳಿತುಕೊಳ್ಳುವ ಸ್ಥಳದಿಂದ ಎರಡು ಮೊಳ ದೂರದಲ್ಲಿ, ಗೋಡೆಗೆ ಒತ್ತಿ, ನೆಲದ ಮೇಲೆಯೇ ಆ ಯಂತ್ರವನ್ನು ಇರಿಸಿದೆವು. ಮಣೆಯ ಮೇಲಿಡಿರೆಂದು ಅವನೆಂದರೂ, ಇಲ್ಲಿಯೇ ಇರಲಿ ಎಂದೆವು. ಶರಣರ ನುಡಿಗಳು ಸೇರಿಕೊಂಡ ಮೇಲೆ ಅದೂ ಒಂದು ಗ್ರಂಥವೇ ಅಲ್ಲವೆ? ನಾವು ಅಭ್ಯಾಸದಂತೆ ಅದಕ್ಕೆ ಒಂದು ದಪ್ಪನೆಯ ಕೆಂಪು ವಸ್ತ್ರವನ್ನು ಹೊದಿಸಿದೆವು. ಕೆಲಸ ಮಾಡುವಾಗ ತೆರೆಯ ಮೇಲಿನ ಬಟ್ಟೆಯನ್ನು ಮಾತ್ರ ತೆಗೆಯುತ್ತಿದ್ದೆವು. ಕ್ಯಾಬಿನೆಟ್ಟಿನ ಮೇಲಿನ ವಸ್ತ್ರ ಹಾಗೆಯೇ ಇರುತ್ತಿತ್ತು. ಹುಡುಗ ಒಂದೆರಡು ಸಲ ಅದನ್ನು ಮಡಚಿ ಪಕ್ಕಕ್ಕಿಟ್ಟುದನ್ನು ಕಂಡಿದ್ದೆವು. "ಅಜ್ಜಾರ, ಇದಕ್ಕ ಉಸಿರಾಡಾಕ ಜಾಗಾ ಬೇಕ್ರಿ" ಎಂದೂ ಅವನು ಹೇಳಿದ್ದುಂಟು. ಹುಡುಗರ ಮಾತೆಂದು ನಾವು ಮರಳಿ ಹೊದಿಸಿದೆವು.

ಚಳಿಗಾಲ ಹೇಗೋ ಕಳೆಯಿತು. ವೈಶಾಖದ ಬಿಸಿಲು ಏರಿ ಊರಿನ ತಾಪ 40 ಡಿಗ್ರಿ ಮುಟ್ಟಿದ ದಿನಗಳಲ್ಲಿ ಯಂತ್ರವು ಮಂದವಾಯಿತು. ಒಂದು ಗರಿಯ ಚಿತ್ರ ತೆರೆಯುವುದಕ್ಕೆ ನಾವು ಒಂದು ಲೋಟ ನೀರು ಕುಡಿದು ಬರುವಷ್ಟು ಹೊತ್ತು. ಫ್ಯಾನುಗಳು ದಣಿದ ಎತ್ತಿನಂತೆ ಏದುಸಿರು ಬಿಡುತ್ತಿದ್ದವು. ಒಂದು ಮಧ್ಯಾಹ್ನ, ಮಸುಕಾದ ಅಕ್ಷರಗಳನ್ನು ಎದ್ದು ಕಾಣಿಸುವಂತೆ ಮಾಡುವ ಕೆಲಸವನ್ನು ಹತ್ತಾರು ಚಿತ್ರಗಳಿಗೆ ಒಟ್ಟಿಗೇ ಹಚ್ಚಿ, ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತಿದ್ದಾಗ, ತೆರೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಐದು ನಿಮಿಷಕ್ಕೆ ಮತ್ತೆ ಕಪ್ಪು. ಸಂಜೆಗೆ ಹೇಗೋ ತೆರೆದಾಗ ನಮ್ಮ ಟಿಪ್ಪಣಿಗಳ ಕಡತ ಕೆಟ್ಟುಹೋಗಿತ್ತು. ಹದಿನೈದು ದಿನ ಕುಳಿತು ಬರೆದ ಅರವತ್ತೆರಡು ವಚನಗಳ ಪಾಠಾಂತರ ವಿಚಾರವು ಅದರಲ್ಲಿ ಹೋಯಿತು.

ಅಂದು ಮನೆಗೆ ಇಬ್ಬರು ಹಿರಿಯ ಮಿತ್ರರು ಬಂದಿದ್ದರು. ಅವರೆದುರಿಗೇ ನಾವು ಹುಡುಗನನ್ನು ಕರೆದು, "ಅಂಗಡಿಯ ನೆಟ್ಟಗಿನ ಯಂತ್ರ ತರುವುದನ್ನು ಬಿಟ್ಟು, ಸಿಕ್ಕಸಿಕ್ಕ ತುಂಡುಗಳನ್ನು ಜೋಡಿಸಿ ನಮ್ಮ ಕೆಲಸ ಕೆಡಿಸಿದಿ. ಇದು ವಿದ್ಯೆಯಲ್ಲ, ಹುಡುಗಾಟ" ಎಂದೆವು. ಇನ್ನೂ ಎರಡು ಮಾತು ಆಡಿದೆವು. ಅವನ್ನು ಬರೆಯುವುದಕ್ಕೆ ಮನಸ್ಸಾಗದು. ಹುಡುಗನು ತಲೆ ತಗ್ಗಿಸಿ ನಿಂತು ಕೇಳಿದನು. ಆಮೇಲೆ ತಿರುಗಣಿ ತಂದು, ಯಂತ್ರವನ್ನು ಅಂಗಳಕ್ಕೆ ಹೊತ್ತುಕೊಂಡು ಹೋಗಿ ಬಿಚ್ಚಿದನು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ನಿಂತು, "ಬರೇ ದೂಳ ಕುಂತಿತ್ರಿ ಅಜ್ಜಾರ. ತಗದೀನಿ" ಎಂದಷ್ಟೇ ಹೇಳಿದನು. ಹದಿನೈದು ದಿನಗಳ ಹಿಂದಿನವರೆಗಿನ ನಮ್ಮ ಎಲ್ಲ ಬರಹವನ್ನು ನಮಗೆ ತಿಳಿಸದೆಯೇ ಪೆನ್‌ಡ್ರೈವಿಗೆ ಪ್ರತಿ ಮಾಡಿಟ್ಟಿದ್ದವನು ಅವನೇ. ಅದನ್ನು ಮೇಜಿನ ಮೇಲಿಟ್ಟು ಹೋದನು. ಮೂರು ವರ್ಷಗಳ ದುಡಿಮೆ ಉಳಿದದ್ದು ಆ ಬೆರಳುದ್ದದ ವಸ್ತುವಿನಿಂದ.

ರಾತ್ರಿ ಪ್ರಸಾದದ ಹೊತ್ತಿಗೆ ನಮ್ಮ ಮನೆಯವರು ಬಾಯಿ ಬಿಟ್ಟರು. "ಅಂವ ಹೇಳಿದ್ದು ಬರೇ ದೂಳ. ಅದರಾಗ ಅರ್ಧ ನಿಮ್ಮ ವಿಭೂತೀನ ಇತ್ರಿ. ಉಳಿದದ್ದು ನಿಮ್ಮ ಕೆಂಪು ಬಟ್ಟೀ ಎಳಿ. ನಾ ಕಣ್ಣಾರೆ ನೋಡೀನಿ. ಅಜ್ಜನ ಮುಂದ ವಿಭೂತಿ ಹೆಸರ ಹೆಂಗ ಹೇಳೂದಂತ ಹುಡುಗ ಸುಮ್ಮನಾಗ್ಯಾನ." ತುತ್ತು ಗಂಟಲಲ್ಲಿಯೇ ನಿಂತಿತು. ಮುಂಜಾನೆ ಸಂಜೆ ನಾವು ವಿಭೂತಿ ಧರಿಸುವಾಗ ಉದುರಿದ ಹುಡಿ, ಧೂಪದ ಹೊಗೆಯ ಜಿಡ್ಡು, ವಸ್ತ್ರದ ನಾರು, ಇವೆಲ್ಲವನ್ನೂ ನೆಲದ ಮಟ್ಟದಲ್ಲಿದ್ದ ಆ ಫ್ಯಾನು ಒಳಗೆಳೆದುಕೊಂಡು, ಲೋಹದ ಹಲ್ಲುಗಳ ನಡುವೆ ಕಂಬಳಿಯಂತೆ ಹೆಣೆದಿತ್ತು. ಒಳಗೊಂದು ಕಂಬಳಿ, ಹೊರಗೊಂದು ವಸ್ತ್ರ. ನಡುವೆ ಸಿಲುಕಿದ ಯಂತ್ರ ಬೇಯದೆ ಏನು ಮಾಡೀತು?

ಮರುದಿನ ಪೂಜೆ ಮುಗಿಸಿ ಹುಡುಗನನ್ನು ಕರೆದು, "ತಪ್ಪು ನಮ್ಮದು. ಅವರಿಬ್ಬರ ಮುಂದೆ ಬೈದೆವು, ಅವರಿಬ್ಬರ ಮುಂದೆಯೇ ಇದನ್ನು ಹೇಳುತ್ತೇವೆ" ಎಂದು ಕೈಮುಗಿದೆವು. ಅವನು ಗಾಬರಿಯಾಗಿ ನಮ್ಮ ಕೈಗಳನ್ನು ಹಿಡಿದುಕೊಂಡು ಕಾಲಿಗೆರಗಿದನು. ಶರಣರಲ್ಲಿ ಹಿರಿಯರೂ ಕಿರಿಯರಿಗೆ ಶರಣೆನ್ನುವ ಪದ್ಧತಿಯುಂಟೆಂದು ಹೇಳಿ ಅವನನ್ನು ಎಬ್ಬಿಸಿದೆವು. ಬಳಿಕ, ನಾವು ಗುರುಗಳ ಮುಂದೆ ಕುಳಿತಂತೆ ಅವನ ಮುಂದೆ ಕುಳಿತು, ಈ ಯಂತ್ರದ ತಾಪದ ಮರ್ಮವನ್ನು ಹೇಳಿಸಿಕೊಂಡೆವು.

ಅವನು ತಿಳಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಯಂತ್ರದ ಮೆದುಳೆನಿಸಿದ ಪ್ರೊಸೆಸರಿನೊಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಸಿಲಿಕಾನ್ ಚೂರು ಇದೆ. ಅದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು. ಅವು ಉಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಸಾಮಾನ್ಯವಾದ ಒಂದು ಪ್ರೊಸೆಸರಿನ ಗುರುತು 65 ವ್ಯಾಟ್. ಹಿಂದಿನ ಕಾಲದ 60 ವ್ಯಾಟಿನ ತಂತಿಯ ಬಲ್ಬನ್ನು ಕೈಯಿಂದ ಮುಟ್ಟಲಾಗುತ್ತಿರಲಿಲ್ಲವೆಂಬುದು ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಅಷ್ಟು ಶಾಖ ಉಗುರಗಲದಲ್ಲಿ ಹುಟ್ಟಿದರೆ ಹೇಗಿದ್ದೀತು! ಆ ಶಾಖವನ್ನು ಯಾರೂ ನಾಶಮಾಡಲಾರರು. ಇದ್ದಲ್ಲಿಂದ ಹೊರಗೆ ಸಾಗಿಸುವುದೊಂದೇ ದಾರಿ.

ಸಾಗಿಸುವ ಕ್ರಮವಂತೂ ಸೊಗಸಾಗಿದೆ. ಪ್ರೊಸೆಸರಿನ ಮೇಲೆ ಹೀಟ್ ಸಿಂಕ್ ಎಂಬ ಲೋಹದ ಗಟ್ಟಿ ಕೂರುತ್ತದೆ. ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ತಗ್ಗುಗಳಿದ್ದು, ಅಲ್ಲಿ ಗಾಳಿ ನಿಲ್ಲುತ್ತದೆ. ನಿಂತ ಗಾಳಿಯು ಶಾಖವನ್ನು ಸುಲಭವಾಗಿ ದಾಟಗೊಡದು. ಕಂಬಳಿ ನಮ್ಮನ್ನು ಬೆಚ್ಚಗಿಡುವುದೂ ಇದೇ ಕಾರಣದಿಂದ. ಆ ತಗ್ಗುಗಳನ್ನು ತುಂಬುವುದಕ್ಕೆ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ಬಟಾಣಿ ಕಾಳಿನಷ್ಟು ಹಚ್ಚಬೇಕು. ಹೆಚ್ಚು ಬಳಿದರೆ ಹೆಚ್ಚು ತಂಪೆಂದು ತಿಳಿಯಬಾರದು. ಅಲ್ಲಿಂದ ಶಾಖವು ತಾಮ್ರದ ಕೊಳವೆಗಳನ್ನು ಹಿಡಿಯುತ್ತದೆ. ಅವುಗಳೊಳಗೆ ಗಾಳಿಯನ್ನು ತೆಗೆದು ಕೆಲವೇ ಹನಿ ದ್ರವವನ್ನಿಟ್ಟು ಮುಚ್ಚಿರುತ್ತಾರೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ ಓಡುತ್ತದೆ, ತಂಪು ತುದಿಯಲ್ಲಿ ಶಾಖವನ್ನು ಬಿಟ್ಟುಕೊಟ್ಟು ಹನಿಯಾಗಿ ಮರಳುತ್ತದೆ. ಕಡೆಗೆ ತೆಳುವಾದ ಲೋಹದ ಹಲ್ಲುಗಳಿಗೆ ಶಾಖ ಹರಡಿ, ಫ್ಯಾನಿನ ಗಾಳಿ ಅದನ್ನು ಹೊರಗೆ ಒಯ್ಯುತ್ತದೆ. ಒಬ್ಬರಿಂದ ಒಬ್ಬರು ಪಡೆದು, ತಾವಿಟ್ಟುಕೊಳ್ಳದೆ ಮುಂದಕ್ಕೆ ಕೊಡುವ ಈ ಸಾಲನ್ನು ಕಂಡಾಗ ನಮಗೆ ದಾಸೋಹದ ಪಂಕ್ತಿಯೇ ನೆನಪಾಯಿತು. ಸಾಲಿನ ಕೊನೆಯಲ್ಲಿ ಬಾಗಿಲು ಮುಚ್ಚಿದರೆ ಮೊದಲಿನವನ ಕೈ ಸುಡುತ್ತದೆ. ನಾವು ವಸ್ತ್ರ ಹೊದಿಸಿ ಮುಚ್ಚಿದ್ದು ಆ ಕೊನೆಯ ಬಾಗಿಲನ್ನು.

ಯಂತ್ರ ಮಂದವಾದುದೇಕೆಂದು ಕೇಳಿದೆವು. ಇಂದಿನ ಅನೇಕ ಪ್ರೊಸೆಸರುಗಳಿಗೆ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮೇರೆಯಂತೆ. ಅದನ್ನು ಮುಟ್ಟಿದೊಡನೆ ಅವು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆದರೂ ತಾಪ ಏರಿದರೆ ಸುಟ್ಟುಹೋಗುವ ಮೊದಲು ನಿಂತುಬಿಡುತ್ತವೆ. ಅಂದರೆ ನಾವು ಯಾವುದನ್ನು ಯಂತ್ರದ ಸೋಮಾರಿತನವೆಂದು ಹಳಿದೆವೋ ಅದು ಅದರ ಆತ್ಮರಕ್ಷಣೆಯಾಗಿತ್ತು. ಹುಡುಗನ ಮೌನವನ್ನೂ ನಾವು ಹೀಗೆಯೇ ತಪ್ಪಾಗಿ ಓದಿದ್ದೆವು.

ಈ ತಾಪದ ಕಥೆಗೆ ಇತಿಹಾಸವೂ ಇದೆ. 1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರುಗಳು. ಅದಕ್ಕೆ ಫ್ಯಾನಿನ ಹಂಗಿರಲಿಲ್ಲ. 1993ರ ಪೆಂಟಿಯಮ್ಮಿನಲ್ಲಿ ಅವು 31 ಲಕ್ಷವಾದವು. ಆ ಹೊತ್ತಿಗೆ ಪ್ರೊಸೆಸರಿನ ತಲೆಯ ಮೇಲೊಂದು ಫ್ಯಾನು ಸಾಮಾನ್ಯವಾಯಿತು. ವೇಗ ಏರಿದಂತೆ ತಾಪವೂ ಏರಿ, 2004ರಲ್ಲಿ ಆ ಸಂಸ್ಥೆಯು 4 ಗಿಗಾಹರ್ಟ್ಸಿನ ಪೆಂಟಿಯಂ-4ನ್ನು ಹೊರತರುವ ಯೋಜನೆಯನ್ನೇ ಕೈಬಿಟ್ಟಿತು. ಒಬ್ಬನನ್ನೇ ಓಡಿಸಿ ಓಡಿಸಿ ಸುಡುವುದರ ಬದಲು ಇಬ್ಬರಿಗೆ ಕೆಲಸ ಹಂಚುವುದು ಲೇಸೆಂದು, 2005ರಿಂದ ಮನೆಬಳಕೆಯ ಯಂತ್ರಗಳಿಗೂ ಎರಡು ತಿರುಳುಗಳ ಪ್ರೊಸೆಸರುಗಳು ಬಂದವು. ಇಂದು ನಾಲ್ಕು, ಆರು, ಎಂಟು ತಿರುಳುಗಳು ಸಾಮಾನ್ಯ.

ಹುಡುಗನ ಗೆಳೆಯರಲ್ಲಿ ಕೆಲವರು ಪ್ರೊಸೆಸರಿಗೆ ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚು ಓಡಿಸುತ್ತಾರೆ. ಓವರ್‌ಕ್ಲಾಕಿಂಗ್ ಎಂದು ಅದರ ಹೆಸರು. ನಮ್ಮ ಯಂತ್ರಕ್ಕೂ ಹಾಗೆ ಮಾಡಬಹುದೆಂದು ಒಬ್ಬನು ಹೇಳಿದಾಗ, ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಯಿತು. ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ತಮಗೆ ಸಲ್ಲದೆಂದು ಹೇಳಿ ಆಕೆ ಅದನ್ನು ತಂದಲ್ಲಿಗೇ ಮರಳಿ ಸುರಿದು ಬರುವಂತೆ ಕಳುಹಿದಳಷ್ಟೆ. ಓಲೆ ಓದುವವರಿಗೆ ಆ ವೇಗ ಬೇಕಿಲ್ಲ. ಇನ್ನು, ನೀರು ಹರಿಸಿ ತಂಪಿಡುವ ಏರ್ಪಾಡೂ ಉಂಟೆಂದು ಕೇಳಿ ವಿಚಾರಿಸಿದೆವು. ಪಂಪು ಮತ್ತು ಕೊಳವೆಗಳ ಮೂಲಕ ದ್ರವವು ಶಾಖವನ್ನು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿಯೂ ಕೊನೆಗೆ ಅದನ್ನು ಬಿಡುವುದು ಕೋಣೆಯ ಗಾಳಿಗೇ. ಕೋಣೆಯೇ 40 ಡಿಗ್ರಿ ಇದ್ದರೆ ನೀರಾಗಲಿ ಗಾಳಿಯಾಗಲಿ ಯಂತ್ರವನ್ನು ಅದಕ್ಕಿಂತ ತಂಪಾಗಿ ಇಡಲಾರವು. ಭಾರಿ ಕೆಲಸದ ಯಂತ್ರಗಳಿಗೆ ಅದು ಸರಿ. ನಮಗೆ ದಾರಿ ತೆರೆದಿಟ್ಟರೆ ಸಾಕೆಂದು ಹುಡುಗನೇ ನಿರ್ಣಯ ಹೇಳಿದನು.

ದಾರಿಯನ್ನು ಅವನೇ ತೆರೆದನು. ಕ್ಯಾಬಿನೆಟ್ಟಿನ ಮುಂದಿನ ತಗಡನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ದುಂಡಗೆ ಕತ್ತರಿಸಿ, ಜಾಲರಿ ಕೂರಿಸಿದನು. ಅದರ ಹಿಂದೆ ಹಿಟ್ಟಿನ ಸಾಣಿಗೆಯಂಥ ನೈಲಾನ್ ಪರದೆಯನ್ನು ತೆಗೆದು ತೊಳೆಯುವಂತೆ ಇಟ್ಟನು. ಮುಂದೆ ಎರಡು ಫ್ಯಾನುಗಳು ಗಾಳಿಯನ್ನು ಒಳಗೆಳೆಯುತ್ತವೆ, ಹಿಂದೆ ಒಂದು ಹೊರಗೆ ತಳ್ಳುತ್ತದೆ. ಒಳಬರುವ ಗಾಳಿ ಹೆಚ್ಚಿದ್ದರೆ ಸಂದುಗಳಿಂದ ದೂಳು ನುಸುಳುವುದು ಕಡಿಮೆಯಂತೆ. ಯಂತ್ರ ಈಗ ಪೂಜೆಯ ಕೋಣೆಯಲ್ಲಿಲ್ಲ. ನಡುಮನೆಯಲ್ಲಿ, ಮೊಳದೆತ್ತರದ ಮಣೆಯ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿದೆ. ಹೊದಿಕೆಯಿದ್ದಾಗ ಅದೇ ಚಿತ್ರಗಳ ಕೆಲಸಕ್ಕೆ 98 ಡಿಗ್ರಿ ತೋರಿಸುತ್ತಿದ್ದ ತಾಪ, ಅಂಥದೇ ಬಿಸಿಲಿನ ಇನ್ನೊಂದು ಮಧ್ಯಾಹ್ನ 70ರ ಆಸುಪಾಸಿನಲ್ಲಿ ನಿಂತಿತು.

ನಮ್ಮ ಮನೆಯಲ್ಲಿ ಅಂದಿನಿಂದ ಒಂದು ಹೊಸ ಕ್ರಮ ಬಂದಿದೆ. ಜನರು ಅಮಾವಾಸ್ಯೆಗೆ ತಮ್ಮ ಗಾಡಿಗಳನ್ನು ಪೂಜಿಸುವಂತೆ, ನಾವು ಆ ದಿನ ಗಣಕಯಂತ್ರದ ದೂಳು ತೆಗೆಯುತ್ತೇವೆ. ವಿದ್ಯುತ್ ತಂತಿಯನ್ನು ಕಳಚಿ, ಯಂತ್ರವನ್ನು ಅಂಗಳಕ್ಕೆ ಒಯ್ಯಬೇಕು. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಮೆತ್ತನೆಯ ಕುಂಚದಿಂದ ಮತ್ತು ಗಾಳಿ ಊದುವ ಬ್ಲೋವರಿನಿಂದ ದೂಳು ತೆಗೆಯುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ಹೊಡೆತಕ್ಕೆ ಅವು ಮಿತಿಮೀರಿ ತಿರುಗಿದರೆ ಕೆಡುತ್ತವೆ. ಒದ್ದೆ ಬಟ್ಟೆ ಸರ್ವಥಾ ಕೂಡದು. ಹೀಟ್ ಸಿಂಕನ್ನು ಕಳಚಿದರೆ ಹಳೆಯ ಲೇಪವನ್ನು ಒರೆಸಿ ಹೊಸದನ್ನು ಹಚ್ಚಲೇಬೇಕು. ಅಷ್ಟನ್ನು ಬಲ್ಲವರೇ ಮಾಡಲಿ. ಖಂಡೆಪೂಜೆಯ ದಿನ ಯಂತ್ರಕ್ಕೆ ಕುಂಕುಮ ಎರಚುವ, ಕಾಯಿಯ ನೀರು ಚಿಮುಕಿಸುವ, ಊದುಬತ್ತಿಯನ್ನು ಫ್ಯಾನಿನ ಎದುರಿಗೆ ಇಡುವ ಮನೆಗಳನ್ನು ಕಂಡಿದ್ದೇವೆ. ಭಕ್ತಿ ದೊಡ್ಡದು, ಒಂದು ಹೂವನ್ನು ತೆರೆಯ ಮುಂದಿಟ್ಟರೆ ಅದು ಸಲ್ಲುತ್ತದೆ.

ಕಳೆದುಹೋದ ಅರವತ್ತೆರಡು ವಚನಗಳ ಟಿಪ್ಪಣಿಯನ್ನು ನಾವು ಆಷಾಢದಲ್ಲಿ ಮತ್ತೆ ಕುಳಿತು ಬರೆದೆವು. ಹುಡುಗನು ಪಕ್ಕದಲ್ಲಿ ಕುಳಿತು ಗರಿಯ ಚಿತ್ರಗಳನ್ನು ತೆರೆದುಕೊಟ್ಟನು. ಹಾಗೆ ತೆರೆಯುತ್ತ ತೆರೆಯುತ್ತ ಅವನಿಗೆ ಹಳಗಾಲದ ಅಕ್ಷರಗಳ ಓದು ಸ್ವಲ್ಪ ಸ್ವಲ್ಪ ಹತ್ತಿತು. ಎರಡು ಕಡೆ ನಾವು ಮೊದಲ ಸಲ ತಪ್ಪಾಗಿ ಓದಿದ್ದ ಅಕ್ಷರಗಳನ್ನು ಅವನ ಎಳೆಯ ಕಣ್ಣು ತಿದ್ದಿತು. ನಮ್ಮ ಮಿತ್ರರಿಬ್ಬರನ್ನೂ ಒಂದು ಸೋಮವಾರ ಪ್ರಸಾದಕ್ಕೆ ಕರೆದು, ಆಡಿದ ಮಾತನ್ನು ಅವರೆದುರು ಹಿಂದಕ್ಕೆ ತೆಗೆದುಕೊಂಡೆವು.

ಆ ಕೆಂಪು ವಸ್ತ್ರವನ್ನು ನಮ್ಮ ಮನೆಯವರು ಒಗೆದು ಒಣಗಿಸಿ ಮಡಚಿ ಕೊಟ್ಟರು. ಅದೀಗ ಓಲೆಕಟ್ಟಿನ ಮೇಲಿದೆ. ಗುರುಗಳು ಕಲಿಸಿದ್ದು ತಪ್ಪಾಗಿರಲಿಲ್ಲ. ಅವರು ಓಲೆಯ ಸ್ವಭಾವವನ್ನು ಅರಿತು ವಸ್ತ್ರ ಹೊದಿಸಿದ್ದರು. ನಾವು ವಸ್ತ್ರವನ್ನು ಮಾತ್ರ ಕಲಿತು, ಅರಿಯುವುದನ್ನು ಬಿಟ್ಟಿದ್ದೆವು. ಓಲೆಯನ್ನು ಮುಚ್ಚಿ ಕಾಯಬೇಕು, ಗಣಕಯಂತ್ರವನ್ನು ತೆರೆದು ಕಾಯಬೇಕು. ಮನೆಯ ಮಕ್ಕಳು ಇವೆರಡರಲ್ಲಿ ಯಾವ ಬಗೆಯವರೆಂದು ಓದುಗ ಬಂಧುಗಳೇ ವಿಚಾರ ಮಾಡಬೇಕು.